ವಿಜಯಪುರದ ಮಾಳಿಗೆ ಮೇಲೆ ಸಕ್ಯುಲೆಂಟ್ ಉಳಿಸಿಕೊಳ್ಳುವುದು ಹೇಗೆ?

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ ಬೆಳಗಾವಿಯಿಂದ ಆರು ಎಚಿವೇರಿಯಾ ತಂದಿದ್ದೆ. ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳಿಗೆ ಸಕ್ಯುಲೆಂಟ್ ಅನ್ನುತ್ತಾರೆ, ಇದು ಅದರಲ್ಲೊಂದು. ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡು ಕೂತ, ಬೂದು ಬಣ್ಣದ ಪುಟ್ಟ ಗಿಡಗಳು. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಮರುಭೂಮಿಯ ಗಿಡ ಅಲ್ವಾ, ವಿಜಯಪುರದ ಬಿಸಿಲಿಗೆ ಹೆದರೀತೇ ಅಂತ ಮಾಳಿಗೆ ಮೇಲೆ ಸಾಲಾಗಿ ಇಟ್ಟೆ. ಮೇ ಎರಡನೇ ವಾರಕ್ಕೆ ಒಂದೂ ಉಳಿಯಲಿಲ್ಲ. ಕೊನೆಯದನ್ನು ಎತ್ತಲು ಹೋದರೆ ತಲೆ ಕೈಗೆ ಬಂತು, ಬುಡ ಕುಂಡದಲ್ಲೇ ಉಳಿಯಿತು. ಎಲೆ ಸುಟ್ಟ ಬದನೆಕಾಯಿಯಷ್ಟು ಮೆತ್ತಗೆ.

ಬಿಸಿಲಿಗೆ ಸತ್ತವು ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ರಾತ್ರಿಯ ಕಥೆ.

ಬೇರೆ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ. ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತೆರೆಯುತ್ತವೆ. ಬಿಸಿಲಲ್ಲಿ ತೆರೆದರೆ ಮೈಯೊಳಗಿನ ನೀರು ಆವಿಯಾಗಿ ಹೋಗುತ್ತದಲ್ಲ, ಅದಕ್ಕೆ. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಎಲೆಯಲ್ಲಿ ಕೂಡಿಟ್ಟು, ಬೆಳಕು ಬಂದ ಮೇಲೆ ಬಳಸಿಕೊಳ್ಳುತ್ತವೆ. ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಸಪ್ಪೆ. ಇದನ್ನು ನಾಲಿಗೆಯಿಂದಲೇ ಕಂಡುಕೊಂಡು ಬರೆದಿಟ್ಟವನು ಬೆಂಜಮಿನ್ ಹೇನ್. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದು, ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡ ಸಸ್ಯತಜ್ಞ. ಇದನ್ನು ಹೇಳುವ ಅವನ ಪತ್ರ ಅಚ್ಚಾಗಿದ್ದು 1815ರ ಸುಮಾರಿಗೆ.

ರಾತ್ರಿ ತಂಪಿದ್ದರೆ ಈ ಕೆಲಸ ಸಲೀಸು. ಎಚಿವೇರಿಯಾದ ತವರು ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಗುಡ್ಡಗಳು. ಅಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ತಣ್ಣಗಾಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ರಾತ್ರಿ ಹತ್ತಾದರೂ ಮಾಳಿಗೆ ಮೇಲೆ ಬರಿಗಾಲು ಇಡಲಾಗಲ್ಲ. ಗಿಡ ಬೆಳೆಯುವುದನ್ನೇ ನಿಲ್ಲಿಸಿ ಮಲಗಿಬಿಡುತ್ತದೆ. ಹಾಗೆ ಮಲಗಿದ ಗಿಡಕ್ಕೆ ನಾನು ದಿನಾ ನೀರು ಹಾಕಿದೆ. ಬೇರು ಕುಡಿಯಲಿಲ್ಲ. ಬಿಸಿ, ಹಸಿ ಮಣ್ಣಲ್ಲಿ ಕೂತು ಕೊಳೆಯಿತು.

ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಹಂತ ಹಂತವಾಗಿ ಹೇಳುತ್ತೇನೆ.

ಕೊಳ್ಳುವುದು ಅಕ್ಟೋಬರ್ ನಂತರ

ಮಳೆ ಮುಗಿದು ರಾತ್ರಿ ತಂಪಾಗಲು ಶುರುವಾದ ಮೇಲೆ, ಅಂದರೆ ದಸರೆ ದೀಪಾವಳಿ ಹೊತ್ತಿಗೆ ಗಿಡ ತನ್ನಿ. ಬೇಸಿಗೆ ಬರುವ ಮೊದಲು ಬೇರು ಬಿಡಲು ನಾಲ್ಕೈದು ತಿಂಗಳು ಸಿಗುತ್ತದೆ.

ಮೊದಲ ಸಲ ಬೆಳೆಸುವವರು ವಿಜಯಪುರ, ಬಾಗಲಕೋಟೆಯಲ್ಲಿದ್ದರೆ ಎಚಿವೇರಿಯಾ ಬಿಟ್ಟು ಶುರು ಮಾಡಿ. ನನ್ನ ಮಾತು ಕೇಳುವುದಾದರೆ ಮೊದಲ ಗಿಡ ಪೋರ್ಚುಲಕೇರಿಯಾ. ನರ್ಸರಿಗಳಲ್ಲಿ ಜೇಡ್ ಅಂತ ಕೊಡುವ ಸಣ್ಣೆಲೆಯ, ಕೆಂಪು ಕಾಂಡದ ಗಿಡ ಬಹಳ ಸಲ ಇದೇ. ನಿಜವಾದ ಜೇಡ್‌ನ ಎಲೆ ಇನ್ನೂ ದೊಡ್ಡದು, ದಪ್ಪ. ಪೋರ್ಚುಲಕೇರಿಯಾ ದಕ್ಷಿಣ ಆಫ್ರಿಕಾದ್ದು, ಅಲ್ಲಿ ಆನೆಗಳು ಮೇದರೂ ಮತ್ತೆ ಚಿಗುರುವ ಗಟ್ಟಿ ಜೀವ. ಅಡೇನಿಯಂಗೆ ಬಿಸಿಲೆಂದರೆ ಹಬ್ಬ. ಮನೆಯೊಳಗೆ ಇಡಲು ಹವರ್ಥಿಯಾ ಚೆಂದ. ಅದು ತವರಲ್ಲೂ ಪೊದೆಗಳ ನೆರಳಲ್ಲೇ ಬೆಳೆಯುವಂಥದ್ದು. ಸ್ನೇಕ್ ಪ್ಲಾಂಟ್, ಲೋಳೆಸರದ ಬಗ್ಗೆ ಹೇಳುವುದೇ ಬೇಡ, ಮರೆತರೂ ಬದುಕುತ್ತವೆ.

ಬೆಳಗಾವಿಯವರು ಪುಣ್ಯವಂತರು. ಊರು ಎತ್ತರದಲ್ಲಿದೆ, ರಾತ್ರಿ ತಂಪು, ಎಚಿವೇರಿಯಾ ಆರಾಮಾಗಿ ಬರುತ್ತದೆ. ಆದರೆ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದಿಲ್ಲ. ಬಿಸಿಲಿನ ಬದಲು ಮಳೆಯಿಂದ ಕಾಪಾಡಬೇಕು, ಅಷ್ಟೇ ವ್ಯತ್ಯಾಸ.

ಗಿಡ ಆರಿಸುವಾಗ ಹೂವು, ಬಣ್ಣ ನೋಡುವುದಕ್ಕಿಂತ ಬುಡ ನೋಡಿ. ಕೆಳಗಿನ ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಬಿಡಿ. ಮೇಲೆ ಬಣ್ಣದ ಕಲ್ಲು ಅಂಟಿಸಿದ್ದರೂ ಬಿಡಿ, ಒಳಗಿನ ಮಣ್ಣು ಹೇಗಿದೆಯೋ ಗೊತ್ತಾಗಲ್ಲ.

ಕುಂಡದಿಂದ ಕಿತ್ತು ನೋಡಿ

ತಂದ ಗಿಡವನ್ನು ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಬೇಡಿ. ನಾನು ಸತ್ತ ಗಿಡವೊಂದರ ಬೇರು ಬಿಡಿಸಿ ನೋಡಿದಾಗ ಒಳಗೆ ಮಣ್ಣೇ ಇರಲಿಲ್ಲ. ಬರೀ ತೆಂಗಿನ ನಾರಿನ ಪುಡಿ, ಚಹಾ ಸೋಸಿದ ಚರಟದ ಹಾಗೆ ಒತ್ತಾಗಿ ಉಂಡೆ ಕಟ್ಟಿತ್ತು. ಮೇಲೆ ಬೆರಳಿಟ್ಟರೆ ಒಣಗಿದ್ದು, ನಡುವೆ ಹಿಂಡಿದರೆ ನೀರು. ನರ್ಸರಿಯವರದ್ದು ತಪ್ಪು ಅನ್ನಲ್ಲ. ಹಗುರ ಇರುತ್ತದೆ, ಸಾಗಿಸಲು ಸುಲಭ. ನಮ್ಮ ಮನೆಗೆ ಮಾತ್ರ ಅದು ಆಗಿಬರಲ್ಲ.

ಡಬ್ಬಿ ಒತ್ತಿ ಗಿಡ ಹೊರತೆಗೆಯಿರಿ. ನಾರಿನ ಪುಡಿಯನ್ನು ಬೆರಳಿಂದ ಮೆಲ್ಲಗೆ ಉದುರಿಸಿ. ಕಪ್ಪಾದ, ಕೂದಲಂತೆ ಒಣಗಿದ ಬೇರು ಕತ್ತರಿಸಿ. ನೆರಳಲ್ಲಿ ಪೇಪರ್ ಮೇಲೆ ಎರಡು ಮೂರು ದಿನ ಸುಮ್ನೆ ಇಡಿ. ಗಾಯ ಒಣಗಬೇಕು. ಗಿಡಕ್ಕೆ ಏನೂ ಆಗಲ್ಲ, ಎಲೆಯಲ್ಲೇ ಬುತ್ತಿ ಕಟ್ಟಿಕೊಂಡಿರುತ್ತದೆ.

ಎರೆ ಮಣ್ಣು ಬೇಡವೇ ಬೇಡ

ನಮ್ಮ ಕಡೆಯವರು ಎಡವುವುದು ಇಲ್ಲೇ. ಹೊಲದಿಂದ ಒಂದು ಚೀಲ ಎರೆ ಮಣ್ಣು ತಂದು ಕುಂಡಕ್ಕೆ ತುಂಬುತ್ತೇವೆ. ಎರೆ ಭೂಮಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಜೋಳಕ್ಕೆ ವರವಾದ ಆ ಗುಣವೇ ಸಕ್ಯುಲೆಂಟ್‌ಗೆ ಮುಳುವು. ಹಸಿಯಾದರೆ ಎರೆ ಉಬ್ಬಿ ಗಾಳಿಗೆ ಜಾಗ ಕೊಡಲ್ಲ, ಒಣಗಿದರೆ ಬಿರಿದು ಸಣ್ಣ ಬೇರನ್ನು ಹರಿದುಹಾಕುತ್ತದೆ.

ನಾನು ಮಾಡುವ ಮಿಶ್ರಣ ಹೀಗಿದೆ. ಒಂದು ಬಟ್ಟಲು ಕೆಂಪು ಮಸಾರಿ ಮಣ್ಣು, ಒಂದು ಬಟ್ಟಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಎರಡು ಬಟ್ಟಲು ಇಟ್ಟಂಗಿ ಚೂರು, ಒಂದು ಬಟ್ಟಲು ದಪ್ಪ ಉಸುಕು, ಒಂದು ಹಿಡಿ ಇದ್ದಲಿ ಚೂರು. ಮನೆ ಕಟ್ಟುವ ಜಾಗದಲ್ಲಿ ಒಡೆದ ಇಟ್ಟಂಗಿ ಕೇಳಿದರೆ ಕೊಡುತ್ತಾರೆ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿ. ಕಡಲೆಬೇಳೆ ಗಾತ್ರ ಸಾಕು. ಆಮೇಲೆ ಸಾಣಿಗೆಯಲ್ಲಿ ಜಾಳಿಸಿ, ಕೆಳಗೆ ಬಿದ್ದ ಕೆಂಪು ಪುಡಿ ಎಸೆಯಿರಿ. ಈ ಪುಡಿ ಉಳಿಸಿಕೊಂಡರೆ ಮಾಡಿದ ಕೆಲಸವೆಲ್ಲ ವ್ಯರ್ಥ, ನೀರು ಬಿದ್ದಾಗ ಅದೇ ಕೆಸರಾಗಿ ಸಂದಿ ಮುಚ್ಚುತ್ತದೆ. ಉಸುಕಿನ ಬದಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕುವವರು ಮೊದಲು ಮೂರು ನಾಲ್ಕು ಸಲ ತೊಳೆಯಿರಿ.

ಮಿಶ್ರಣವನ್ನು ತುಸು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ. ಕೈ ಬಿಟ್ಟಾಗ ಉಂಡೆ ನಿಂತರೆ ಇನ್ನಷ್ಟು ಇಟ್ಟಂಗಿ ಬೇಕು. ಉದುರಿದರೆ ಸರಿ.

ಮೇಲೆ ಹರಡಲು ಇಳಕಲ್ ಗ್ರಾನೈಟಿನ ಗುಲಾಬಿ ಚೂರು ಬಹಳ ಚೆಂದ ಕಾಣುತ್ತದೆ. ಸುಣ್ಣದಕಲ್ಲು, ಮಾರ್ಬಲ್ ಚೂರು ಬೇಡ. ನಮ್ಮ ಬೋರ್‌ವೆಲ್ ನೀರೇ ಮೊದಲು ಗಡಸು, ಮೇಲೆ ಸುಣ್ಣ ಯಾಕೆ?

ಕುಂಡ

ಮಣ್ಣಿನದೇ ಒಳ್ಳೆಯದು, ತಳದಲ್ಲಿ ತೂತು ಇರಲೇಬೇಕು. ಗಿಡಕ್ಕಿಂತ ಒಂದು ಇಂಚು ಅಗಲ ಇದ್ದರೆ ಸಾಕು. ಚಹಾದ ಕಪ್ಪು, ಗಾಜಿನ ಬಟ್ಟಲು ಫೋಟೋಕ್ಕೆ ಮಾತ್ರ. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಮಾಡುತ್ತಿದ್ದೆ. ನಿಜಕ್ಕೂ ಮಣ್ಣು ಪೂರ್ತಿ ತೊಯ್ಯುವ ತನಕ ನೀರು ಜಲ್ಲಿಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ನೀರು: ಎಲೆಯನ್ನು ಕೇಳಿ

ನಮ್ಮ ಅತ್ತೆಗೆ ಗಿಡ ಅಂದರೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು. ನಾನು ಹತ್ತು ದಿನ ನೀರು ಹಾಕದ್ದು ಕಂಡು ಒಮ್ಮೆ, ‘ಏನವಾ, ಗಿಡಾ ತಂದು ಉಪವಾಸ ಕೆಡವೀಯಲ್ಲ, ಪಾಪ ಹತ್ತತೈತಿ’ ಅಂದರು. ‘ಅದರ ಹೊಟ್ಟಿ ತುಂಬೇತ್ರಿ ಅತ್ತಿ, ಮುಟ್ಟಿ ನೋಡ್ರಿ’ ಅಂದೆ. ಕೆಳಗಿನ ಎಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಹಸಿ ಬದಾಮಿಯಷ್ಟು ಗಟ್ಟಿ.

ನೀರು ಬೇಕೋ ಬೇಡವೋ ಅಂತ ಹೇಳುವುದು ಆ ಕೆಳಗಿನ ಎಲೆಯೇ. ಅದು ಗಟ್ಟಿ ಇದ್ದರೆ ನೀರು ಬೇಡ. ಮೆತ್ತಗಾಗಿ ಸಣ್ಣ ನೆರಿಗೆ ಬಿದ್ದರೆ, ಕುಂಡಕ್ಕೆ ಚುಚ್ಚಿದ ಊದಿನಕಡ್ಡಿಯ ಕಡ್ಡಿ ಒಣಗಿ ಬಂದರೆ, ಆಗ ತಳದಿಂದ ಹರಿಯುವ ತನಕ ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಎಲೆ ಮೆತ್ತಗಿದ್ದು, ಹಳದಿಯಾಗಿ, ಒಳಗಿನ ನೀರು ಕಾಣುವಂತಿದ್ದರೆ ಅದು ಬಾಯಾರಿಕೆ ಅಲ್ಲ, ಜಾಸ್ತಿ ಕುಡಿದ ಲಕ್ಷಣ.

ಲೆಕ್ಕ ಬೇಕೇ ಬೇಕು ಅನ್ನುವವರಿಗೆ ನಮ್ಮ ಮನೆಯ ಲೆಕ್ಕ: ನವೆಂಬರ್‌ನಿಂದ ಫೆಬ್ರವರಿ ತನಕ ಏಳರಿಂದ ಹತ್ತು ದಿನಕ್ಕೊಮ್ಮೆ. ಏಪ್ರಿಲ್, ಮೇನಲ್ಲಿ ಎಚಿವೇರಿಯಾ, ಹವರ್ಥಿಯಾಗೆ ಹದಿನೈದು ದಿನಕ್ಕೊಮ್ಮೆ, ಅದೂ ಕತ್ತಲಾದ ಮೇಲೆ, ಅರ್ಧ ಲೋಟದಷ್ಟೇ. ಅಡೇನಿಯಂಗೆ ಮಾತ್ರ ಇದು ಬೆಳೆಯುವ ಕಾಲ, ಮಣ್ಣು ಒಣಗಿದಾಗೆಲ್ಲ ಕೊಡಿ. ಮಳೆಗಾಲದಲ್ಲಿ ಎಲ್ಲ ಕುಂಡಗಳೂ ಸೂರಿನ ಕೆಳಗೆ. ಗಾಳಿಯಲ್ಲೇ ತೇವ ಇರುವುದರಿಂದ ಎಲೆ ನೋಡಿಯೇ ನೀರು.

ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದರೆ ಬೋರ್ ನೀರಿನ ಕೆಲಸ ಅದು. ಮಳೆ ಬಂದಾಗ ಎರಡು ಬಕೆಟ್ ಹಿಡಿದಿಡಿ. ವರ್ಷಕ್ಕೆ ಒಂದೆರಡು ಸಲ ಆ ನೀರಿನಿಂದ ಮಣ್ಣನ್ನು ಚೆನ್ನಾಗಿ ತೊಳೆದರೆ ಉಪ್ಪು ಇಳಿಯುತ್ತದೆ.

ಬಿಸಿಲು

ಬೆಳಗಿನ ಹತ್ತರ ತನಕದ ಬಿಸಿಲು ಚಿನ್ನ. ಮಾರ್ಚ್‌ನಿಂದ ಮೇಲೆ 50 ಪರ್ಸೆಂಟ್ ಬಿಸಿಲು ತಡೆಯುವ ಹಸಿರು ನೆರಳು ಬಲೆ ಕಟ್ಟಿ. ಕುಂಡವನ್ನು ಮಾಳಿಗೆಯ ನೆಲಕ್ಕೆ ತಾಗಿಸದೆ ಎರಡು ಇಟ್ಟಂಗಿ ಮೇಲೆ ಇಡಿ. ಪಶ್ಚಿಮದ ಗೋಡೆಯ ಪಕ್ಕ ಬೇಡ, ಸೂರ್ಯ ಮುಳುಗಿದ ಮೇಲೂ ಅದು ಒಲೆಯ ಹಾಗೆ ಕಾವು ಬಿಡುತ್ತಿರುತ್ತದೆ. ಎಲೆಯ ಮೇಲಿನ ಬೂದಿಯಂಥ ಮೇಣದ ಪುಡಿಯನ್ನು ಧೂಳೆಂದು ಒರೆಸಬೇಡಿ. ಅದು ಗಿಡದ ಕೊಡೆ, ಒರೆಸಿದ ಎಲೆಗೆ ಮತ್ತೆ ಬರಲ್ಲ. ಇನ್ನು ಒಳಗೆ ಕತ್ತಲಲ್ಲಿಟ್ಟರೆ ಗಿಡ ಬೆಳಕು ಹುಡುಕಿಕೊಂಡು ಕತ್ತು ಉದ್ದ ಮಾಡುತ್ತದೆ. ಹಾಗೆ ಉದ್ದವಾದದ್ದು ಮತ್ತೆ ಗಿಡ್ಡ ಆಗಲ್ಲ. ತಲೆ ಕತ್ತರಿಸಿ ಹೊಸದಾಗಿ ನೆಡಬೇಕು.

ಒಂದೆಲೆಯಿಂದ ಒಂದು ಗಿಡ

ಇದು ನನಗೆ ತುಂಬಾ ಇಷ್ಟದ ಭಾಗ. ಗೋಸ್ಟ್ ಪ್ಲಾಂಟ್, ಸೆಡಮ್, ಎಚಿವೇರಿಯಾದ ಕೆಳಗಿನ ಎಲೆಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ‘ಟಪ್’ ಅಂತ ಬುಡಸಮೇತ ಬರಬೇಕು. ಅರ್ಧಕ್ಕೆ ಮುರಿದದ್ದು ಚಿಗುರಲ್ಲ. ಮೂರು ದಿನ ನೆರಳಲ್ಲಿ ಒಣಗಿಸಿ, ಮಣ್ಣಿನ ಮೇಲೆ ಮಲಗಿಸಿ. ಹೂಳಬೇಡಿ, ನೀರೂ ಬೇಡ. ಮೂರು ನಾಲ್ಕು ವಾರಕ್ಕೆ ಎಲೆಯ ಕಿತ್ತ ಬುಡದಲ್ಲಿ ಗುಲಾಬಿ ಬಣ್ಣದ ದಾರದಂಥ ಬೇರು, ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ಮರಿಗಿಡ. ಆಗ ಸ್ಪ್ರೇಯಿಂದ ಮಣ್ಣು ತುಸು ತೋಯಿಸಿ. ತಾಯಿ ಎಲೆ ತನ್ನ ನೀರನ್ನೆಲ್ಲ ಮರಿಗೆ ಕೊಟ್ಟು ಸುಕ್ಕಾಗುತ್ತಾ ಹೋಗುತ್ತದೆ. ಅದನ್ನು ಕೀಳಬೇಡಿ, ಒಣಗಿ ತಾನೇ ಬೀಳಲಿ. ಹವರ್ಥಿಯಾಗೆ ಇಷ್ಟೆಲ್ಲ ಬೇಕಿಲ್ಲ, ಬುಡದಲ್ಲಿ ಮರಿ ಹಾಕುತ್ತದೆ, ಬಿಡಿಸಿ ನೆಟ್ಟರಾಯಿತು.

ಹಿಟ್ಟು ತಿಗಣೆ, ಕೊಳೆ

ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಹಿಟ್ಟು ತಿಗಣೆ ಪರಿಚಯ ಮಾಡಿಕೊಡಬೇಕಿಲ್ಲ. ಎಲೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆಯಾಗಿ ಕಾಣುವ ಆ ಕೀಟವೇ ಇಲ್ಲೂ ಶತ್ರು. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅನುಮಾನ ಪಡಿ, ಅದರ ಸಿಹಿ ಅಂಟಿಗೆ ಬರುತ್ತವೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿ, ಒಂದೇ ಸಲಕ್ಕೆ ಹೋಗಲ್ಲ. ಬೇವಿನ ಎಣ್ಣೆ ಸಿಂಪಡಿಸುವುದಾದರೆ ಸಂಜೆ ಮಾತ್ರ, ಬಿಸಿಲಲ್ಲಿ ಎಣ್ಣೆ ಬಿದ್ದ ಎಲೆ ಸುಟ್ಟುಹೋಗುತ್ತದೆ.

ಕಳ್ಳಿ ಜಾತಿಯದ್ದನ್ನು ಕತ್ತರಿಸುವಾಗ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಆಡು, ಆಕಳು ಇದ್ದರೆ ಕಲಾಂಚೋ ಗಿಡ (ಕಾಡುಬಸಳೆಯೂ ಇದೇ ಜಾತಿ) ಅವಕ್ಕೆ ಎಟುಕಬಾರದು, ವಿಷ.

ಇಷ್ಟೆಲ್ಲ ಮಾಡಿಯೂ ಬುಡ ಕಪ್ಪಾದರೆ ತಡಮಾಡದೆ ಹರಿತ ಬ್ಲೇಡು ತೆಗೆದುಕೊಳ್ಳಿ. ಬುಡದಿಂದ ಮೇಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಹೋಗಿ. ಒಳಗೆ ಕಂದು ಉಂಗುರ ಕಾಣುವ ತನಕ ಕೊಳೆ ಇದೆ ಅಂತಲೇ ಅರ್ಥ. ತಿಳಿ ಹಸಿರು ಬಂದ ಮೇಲೆ ನಿಲ್ಲಿಸಿ, ವಾರ ಒಣಗಿಸಿ, ಹೊಸ ಮಣ್ಣಿನ ಮೇಲೆ ಕೂರಿಸಿ. ಮೇ ತಿಂಗಳಲ್ಲಿ ಹೀಗಾದರೆ ಆ ತಲೆಯನ್ನು ಒಂದು ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ, ತಂಪಾದ ಕೋಣೆಯ ಕಿಟಕಿಯಲ್ಲಿಡಿ. ನಮ್ಮಲ್ಲಿ ಹೋದ ವರ್ಷ ಒಂದು ಹಾಗೆ ಜೂನ್ ಕೊನೆಯ ತನಕ ಕೂತಿತ್ತು, ಮಣ್ಣಿಲ್ಲದೆ, ನೀರಿಲ್ಲದೆ. ಆಮೇಲೆ ಬೇರು ಬಿಟ್ಟಿತು.