ಮ್ಯಾಕ್ರೋ ಬರೆಯುವ ಮುಂಚೆ ಡಬ್ಬಿಗೆ ಚೀಟಿ ಅಂಟಿಸಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬರುವವರೆಲ್ಲ ಲೆಕ್ಕ ಬರೆಯುವವರೇ. ಒಬ್ಬರು ಮಾಟುಂಗಾದ ಹೋಟೆಲಿನವರು, ಇನ್ನೊಬ್ಬರು ಫೋರ್ಟ್‌ನ ಆಫೀಸಿನವರು. ಎಲ್ಲರಿಗೂ ಮ್ಯಾಕ್ರೋ, ಅಂದರೆ ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡಿಸುವ ಕೋಡ್, ಬರೆಯಲು ಕಲಿಯಬೇಕು. ಎಡವುವ ಜಾಗ ಮಾತ್ರ ಎಲ್ಲರಿಗೂ ಒಂದೇ.

ಮೊದಲು ಎಕ್ಸೆಲ್‌ನಲ್ಲಿ ಆಲ್ಟ್ ಜೊತೆ ಎಫ್11 ಒತ್ತಿ. ಎಡಿಟರ್ ತೆರೆಯುತ್ತದೆ. ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ. ಕೋಡ್ ಬರೆಯುವ ಹಾಳೆ ಇದು. ಸಬ್‌ನಿಂದ ಎಂಡ್ ಸಬ್‌ವರೆಗೆ ಒಂದು ಮ್ಯಾಕ್ರೋ.

ಶೀಟ್, ಸೆಲ್ ಇವೆಲ್ಲ ಆಬ್ಜೆಕ್ಟ್. ಸೆಲ್ಲಿನ ಬೆಲೆ (ಅದರೊಳಗೆ ಬರೆದಿರುವುದು), ಬಣ್ಣ ಅದರ ಪ್ರಾಪರ್ಟಿ. ಅಳಿಸು, ಕಾಪಿ ಮಾಡು ಅಂತ ಕೊಡುವ ಅಪ್ಪಣೆ ಮೆಥಡ್. ನಡುವೆ ಬರುವ ಚುಕ್ಕಿಗೆ ಜನ ಸುಮ್ನೆ ಹೆದರುತ್ತಾರೆ. ಅದನ್ನು 'ಇನ' ಅಂತ ಓದಿ: ಶೀಟಿನ ಸೆಲ್ಲಿನ ಬೆಲೆ. ಕನ್ನಡದ ಕ್ರಮವೇ ಅಲ್ವಾ?

ಈಗ ವೇರಿಯಬಲ್. ಜಾಸ್ತಿ ಜನ ಜಾರುವುದು ಇಲ್ಲೇ. ವೇರಿಯಬಲ್ ಅಂದರೆ ಚೀಟಿ ಅಂಟಿಸಿದ ಡಬ್ಬಿ. ಡಿಮ್ ಎಂದು ಬರೆದು ಹೆಸರಿಡಿ, ಆಸ್ ಎಂದು ಬರೆದು ಒಳಗೇನು ತುಂಬುತ್ತೀರಿ ಎಂದು ಹೇಳಿ. ಹೇಳದಿದ್ದರೂ ಕೋಡ್ ಓಡುತ್ತದೆ, ಅದೇ ತೊಂದರೆ. ಮೇಲೆ ಇಂಗ್ಲಿಷಿನಲ್ಲಿ 'motta' ಎಂದು ಬರೆದು ಕೆಳಗೆ ಒಂದು t ಬಿಟ್ಟು 'mota' ಎಂದರೆ, ಎಕ್ಸೆಲ್ ಚಕಾರವೆತ್ತದೆ ಇನ್ನೊಂದು ಖಾಲಿ ಡಬ್ಬಿ ತಂದಿಡುತ್ತದೆ. ಒಬ್ಬರು ಹೀಗೇ ಅರ್ಧ ದಿನ ಖಾಲಿ ಸೆಲ್ ನೋಡುತ್ತ ಕೂತಿದ್ದರು. ಎಡಿಟರ್‌ನ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ 'ರಿಕ್ವೈರ್ ವೇರಿಯಬಲ್ ಡಿಕ್ಲರೇಷನ್'ಗೆ ಟಿಕ್ ಹಾಕಿ. ಆಮೇಲೆ ತೆರೆಯುವ ಮಾಡ್ಯೂಲ್‌ಗಳ ತಲೆಯ ಮೇಲೆ 'ಆಪ್ಷನ್ ಎಕ್ಸ್‌ಪ್ಲಿಸಿಟ್' ತಾನೇ ಬರುತ್ತದೆ. ಹಳೆಯದಕ್ಕೆ ಕೈಯಿಂದ ಬರೆಯಿರಿ.

ಡಬ್ಬಿಯ ಅಳತೆಯೂ ನೋಡಿ. ಇಂಟಿಜರ್ ಎಂಬ ಪೂರ್ಣಾಂಕದ ಡಬ್ಬಿಯಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಶೀಟಿನಲ್ಲಿ ಸಾಲುಗಳು 10,48,576. ಹೋಟೆಲಿನ ವರ್ಷದ ಬಿಲ್ ಎಣಿಸಲು ಹೊರಟರೆ ನಡುವೆ 'ಓವರ್‌ಫ್ಲೋ' ಎಂದು ನಿಲ್ಲುತ್ತದೆ. ಪುಸ್ತಕ ಏನೇ ಹೇಳಲಿ, ಎಣಿಕೆಗೆ ಲಾಂಗ್ ಎಂಬ ದೊಡ್ಡ ಡಬ್ಬಿ ಬಳಸಿ. ದುಡ್ಡಿಗೆ ಕರೆನ್ಸಿ. ಮೊಬೈಲ್ ನಂಬರ್‌ಗೆ ಸ್ಟ್ರಿಂಗ್, ಅಂದರೆ ಅಕ್ಷರ ತುಂಬುವ ಡಬ್ಬಿ, ಯಾಕೆಂದರೆ ಅದು ಲಾಂಗ್‌ನಲ್ಲೂ ಹಿಡಿಸುವುದಿಲ್ಲ, ಅದನ್ನು ಕೂಡಿ ಕಳೆಯುವುದೂ ಇಲ್ಲ.

'ನಾವು ಮಾಡುವುದನ್ನೇ ಎಕ್ಸೆಲ್ ಕೋಡಾಗಿ ಬರೆದುಕೊಳ್ಳುವ ಹಾಗೆ ರೆಕಾರ್ಡ್ ಮಾಡಿದರೆ ಆಯ್ತಲ್ಲ?' ಎಂದು ಕೇಳುತ್ತಾರೆ. ಕಲಿಯಲು ಒಳ್ಳೆಯದು. ಆದರೆ ರೆಕಾರ್ಡರ್ ಸೆಲ್ಲಿನ ವಿಳಾಸವನ್ನು ಇದ್ದ ಹಾಗೆ ಬರೆದುಕೊಳ್ಳುತ್ತದೆ. ಇವತ್ತು 40 ಸಾಲು ಗುರುತಿಸಿದರೆ, ನಾಳೆ 55 ಬಂದರೂ ನಲವತ್ತಕ್ಕೇ ನಿಲ್ಲುತ್ತದೆ. ಸಾವಿರ ರೆಡಿಮೇಡ್ ಮ್ಯಾಕ್ರೋ ಅಂತ ಮಾರುವ ಪೆನ್‌ಡ್ರೈವ್ ಮಾತ್ರ ಬೇಡವೇ ಬೇಡ. ಗೊತ್ತಿಲ್ಲದವರ ಕೋಡ್ ನಿಮ್ಮ ಫೈಲನ್ನೇ ಅಳಿಸಬಹುದು.

ಒಂದೇ ಕೆಲಸವನ್ನು ಸಾಲು ಸಾಲಿಗೂ ಮಾಡಿಸುವುದು ಲೂಪ್. ಫಾರ್‌ನಿಂದ ಶುರು, ನೆಕ್ಸ್ಟ್‌ಗೆ ಮುಕ್ತಾಯ.

ಸೇವ್ ಮಾಡುವಾಗ 'ಮ್ಯಾಕ್ರೋ ಎನೇಬಲ್ಡ್ ವರ್ಕ್‌ಬುಕ್' ಆರಿಸಿ. ಮಾಮೂಲಿ ಎಕ್ಸೆಲ್ ಫೈಲಾಗಿ ಸೇವ್ ಮಾಡಿದರೆ ಬರೆದದ್ದೆಲ್ಲ ಹೋಯಿತು. ಓಡಿಸಲು ಎಡಿಟರ್‌ನಲ್ಲಿ ಎಫ್5 ಇದೆ. ಹೊಸಬರು ಎಫ್8 ಒತ್ತುತ್ತ ಒಂದೊಂದೇ ಸಾಲು ನೋಡಿ. ಅದಕ್ಕೂ ಮೊದಲು ಫೈಲಿನ ಕಾಪಿ ತೆಗೆದಿಡಿ. ಮ್ಯಾಕ್ರೋ ಕೆಡಿಸಿದ್ದನ್ನು ಕಂಟ್ರೋಲ್ ಝಡ್ ವಾಪಸ್ ತರುವುದಿಲ್ಲ.