ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಉಬುಂಟು ಹಾಕೋದು ಹೇಗೆ

ಲ್ಯಾಪ್‌ಟಾಪ್‌ನಲ್ಲಿರೋ ವಿಂಡೋಸ್ ಮುಟ್ಟದೇ ಲಿನಕ್ಸ್ (ಉಬುಂಟು ಅದರದ್ದೇ ಒಂದು ಬಗೆ) ಬೇಕು ಅಂದ್ರೆ ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕ್ಕೊಳ್ಳಿ. ಹಳೇ ಹಾರ್ಡ್‌ಡಿಸ್ಕಲ್ಲೂ ಆಗತ್ತೆ, ಆದ್ರೆ ಒಂದು ಆಪ್ ಓಪನ್ ಆಗೋಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಎಸ್‌ಎಸ್‌ಡಿನೇ ತಗೊಳ್ಳಿ, ಯುಎಸ್‌ಬಿ 3.0 ಪೋರ್ಟ್‌ಗೇ ಹಾಕಿ. ಉಬುಂಟು 24.04ಕ್ಕೆ 25 ಜಿಬಿ ಸಾಕು ಅಂತಾರೆ, ನನ್ನ ಕೇಳಿದ್ರೆ 64ಕ್ಕಿಂತ ಕಮ್ಮಿ ಬೇಡ.

ಇದಲ್ಲದೆ ಇನ್ನೊಂದು ಪೆನ್‌ಡ್ರೈವ್ ಬೇಕು, 8 ಜಿಬಿದು ಸಾಕು, ಅದಕ್ಕೆ ರೂಫಸ್ ಅನ್ನೋ ವಿಂಡೋಸ್ ಪ್ರೋಗ್ರಾಂನಿಂದ ಉಬುಂಟುವಿನ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡೋಕೆ ಡೌನ್‌ಲೋಡ್ ಮಾಡ್ಕೊಳ್ಳೋ ಫೈಲ್) ಬರೀರಿ (ಒಳಗಿರೋದೆಲ್ಲ ಅಳಿಸಿಹೋಗತ್ತೆ, ಫೋಟೋ ಗೀಟೋ ಇದ್ರೆ ಮೊದ್ಲೇ ತೆಗೀರಿ). ವಿಂಡೋಸಲ್ಲಿ ಬಿಟ್‌ಲಾಕರ್ (ಡಿಸ್ಕ್‌ನ ಲಾಕ್ ಮಾಡಿಡೋ ಫೀಚರ್) ಆನ್ ಇದ್ರೆ ಅದನ್ನ ತೆರೆಯೋ ರಿಕವರಿ ಕೀ ಬರೆದಿಟ್ಕೊಳ್ಳಿ.

ಈಗ ಮುಖ್ಯ ವಿಷ್ಯ. ಬಹಳ ಜನಕ್ಕೆ ಎಡವಟ್ಟಾಗೋದು ಬೂಟ್‌ಲೋಡರ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಅಥವಾ ಲಿನಕ್ಸ್‌ನ ಶುರು ಮಾಡೋ ಪುಟ್ಟ ಪ್ರೋಗ್ರಾಂನಲ್ಲಿ. ಉಬುಂಟುದು ಹೆಸ್ರು ಗ್ರಬ್. ನೀವು ಎಕ್ಸ್‌ಟರ್ನಲ್ ಡ್ರೈವೇ ಸೆಲೆಕ್ಟ್ ಮಾಡಿದ್ರೂ ಇನ್‌ಸ್ಟಾಲರ್ ಗ್ರಬ್‌ನ ತಗೊಂಡೋಗಿ ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್‌ಲೋಡರ್‌ಗಳು ಇರೋ ಜಾಗ) ಹಾಕಿಬಿಡಬಹುದು, ಆಮೇಲೆ ಡ್ರೈವ್ ಕಿತ್ತಿಟ್ಟು ಆನ್ ಮಾಡಿದ್ರೆ ವಿಂಡೋಸ್ ಬದ್ಲು ಕಪ್ಪು ಸ್ಕ್ರೀನಲ್ಲಿ ಗ್ರಬ್ ಬಂದು ಕೂತಿರತ್ತೆ. ಗ್ಯಾರಂಟಿ ದಾರಿ ಅಂದ್ರೆ ಇನ್‌ಸ್ಟಾಲ್ ಮುಗಿಯೋವರ್ಗೂ ಒಳಗಿನ ಡಿಸ್ಕ್‌ನ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಸೆಟ್ಟಿಂಗ್ಸ್) ಡಿಸೇಬಲ್ ಮಾಡೋದು, ಆ ಆಪ್ಷನ್ ಇಲ್ಲಾಂದ್ರೆ ಹಿಂದಿನ ಮುಚ್ಚಳ ಬಿಚ್ಚಿ ಡಿಸ್ಕನ್ನೇ ಕಳಚಿಡೋದು. ವಾರಂಟಿ ಇದ್ರೆ ಬಿಚ್ಚೋ ಮುಂಚೆ ಯೋಚ್ನೆ ಮಾಡಿ.

ಇಷ್ಟಾದ್ಮೇಲೆ ಪೆನ್‌ಡ್ರೈವಿಂದ ಬೂಟ್ ಮಾಡಿ, ಆನ್ ಮಾಡ್ತಿದ್ದಂಗೇ ಬೂಟ್ ಮೆನು ತೆರೆಯೋಕೆ ಲ್ಯಾಪ್‌ಟಾಪ್ ಕಂಪನಿ ಮೇಲೆ ಎಫ್12, ಎಫ್9, ಎಸ್ಕೇಪ್ ಹೀಗೆ ಯಾವ್ದೋ ಒಂದು ಕೀ ಇರತ್ತೆ. ಈಗ ಕಾಣೋ ದೊಡ್ಡ ಡಿಸ್ಕ್ ನಿಮ್ಮ ಎಸ್‌ಎಸ್‌ಡಿ ಒಂದೇ, ಸೈಜ್ ನೋಡಿ ಖಾತ್ರಿ ಮಾಡ್ಕೊಂಡು ಅದನ್ನ ಪೂರ್ತಿ ಎರೇಸ್ ಮಾಡಿ ಇನ್‌ಸ್ಟಾಲ್ ಕೊಡಿ. ಮುಗಿದ್ಮೇಲೆ ಒಳಗಿನ ಡಿಸ್ಕ್ ವಾಪಸ್ ಆನ್ ಮಾಡಿ, ಲಿನಕ್ಸ್ ಬೇಕಾದಾಗ ಅದೇ ಬೂಟ್ ಮೆನುವಿಂದ ಎಸ್‌ಎಸ್‌ಡಿ ಆರಿಸ್ಕೊಂಡ್ರಾಯ್ತು.