ಕೋಳಿಗೆ ಎರಡನೇ ಔಷಧಿ ಹಾಕೋ ಮುಂಚೆ

ಕೋಳಿ ರೆಕ್ಕೆ ಇಳಿಬಿಟ್ಕೊಂಡು ಮೂಲೇಲಿ ತೂಕಡಿಸ್ತಾ ನಿಂತ್ರೆ ಸಾಕು, ಮನೇಲಿ ಶುರುವಾಗತ್ತೆ. ಬೆಳಿಗ್ಗೆ ಪಕ್ಕದ್ಮನೆಯವರು ಹೇಳಿದ ಡಾಕ್ಸಿ (ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್) ಮಾತ್ರೆ, ಮಧ್ಯಾಹ್ನ ಫೀಡ್ ಅಂಗಡಿಯವನು ಕಟ್ಟಿಕೊಟ್ಟ ಪುಡಿ, ಸಂಜೆ ವಾಟ್ಸಾಪ್ ಗ್ರೂಪಲ್ಲಿ ಯಾರೋ ಹೇಳಿದ ಲಿವರ್ ಟಾನಿಕ್ಕು, ರಾತ್ರಿ ಅಜ್ಜಿ ಅರೆದ ಬೆಳ್ಳುಳ್ಳಿ, ಎಲ್ಲಾ ಅದೇ ಒಂದು ನೀರಿನ ಬಟ್ಟಲಿಗೆ. ಕೋಳಿ ಸತ್ರೆ ರೋಗ ಜೋರಿತ್ತು ಅಂತಾರೆ. ರೋಗ ಜೋರಿದ್ದಿರಬಹುದು, ಇಲ್ಲ ಅನ್ನಲ್ಲ, ಆದ್ರೆ ಎಷ್ಟೋ ಸಲ ಒಂದು ಔಷಧಿ ಇನ್ನೊಂದನ್ನ ಕೆಲಸ ಮಾಡೋಕೇ ಬಿಟ್ಟಿರಲ್ಲ, ಕೆಲವು ಸಲ ಎರಡೂ ಸೇರಿನೇ ಕೋಳೀನ ಮುಗಿಸಿರತ್ತೆ.

ಯಾವ ರೋಗಕ್ಕೆ ಯಾವ ಔಷಧಿ ಅಂತ ಇಲ್ಲಿ ಹೇಳ್ತಿಲ್ಲ, ಅದನ್ನ ಪಶುವೈದ್ಯರು ಹೇಳ್ಬೇಕು. ಅವರು ಬರೆದುಕೊಟ್ಟಿದ್ದನ್ನ ಮನೇಲಿ ಈಗಾಗ್ಲೇ ಕೊಡ್ತಿರೋದ್ರ ಜೊತೆ ಹೇಗೆ ಹೊಂದಿಸೋದು ಅನ್ನೋದಷ್ಟೇ ವಿಷಯ.

ಹೆಜ್ಜೆ 1: ಬೇರೆ ಇಡಿ. ಕಾಯಿಲೆ ಕೋಳೀನ ಮಂಕರಿ ಕೆಳಗೋ ರಟ್ಟಿನ ಡಬ್ಬದಲ್ಲೋ ಬೆಚ್ಚಗೆ ಇಡಿ, ನೀರು ಬೇರೆ, ಕಾಳು ಬೇರೆ. ಕೆಳಗೆ ನ್ಯೂಸ್ ಪೇಪರ್ ಹಾಸಿದ್ರೆ ಹಿಕ್ಕೆ ಬಣ್ಣ ಕಾಣ್ಸತ್ತೆ.

ಹೆಜ್ಜೆ 2: ತೂಕ ಹಾಕಿ. ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಕಣ್ಣಳತೆ ಬೇಡ, ನಾಟಿ ಹ್ಯಾಟೆ ಪುಕ್ಕ ಉಬ್ಬಿಸ್ಕೊಂಡು ಕೂತ್ರೆ ಎರಡೂವರೆ ಕೇಜಿ ಥರ ಕಾಣತ್ತೆ, ಹಾಕಿ ನೋಡಿದ್ರೆ ಒಂದೂವರೆ ಇರತ್ತೆ.

ಹೆಜ್ಜೆ 3: ಒಳಗೆ ಹೋಗ್ತಿರೋದನ್ನೆಲ್ಲಾ ಬರೀರಿ. ಔಷಧಿ ಹೆಸರು ಮಾತ್ರ ಬರೆದು ನಿಲ್ಲಿಸ್ಬೇಡಿ. ಫೀಡ್ ಚೀಲದ ಲೇಬಲ್, ನೀರು ಬೋರ್‌ವೆಲ್ಲೋ ಕಾವೇರಿ ನಲ್ಲೀದೋ, ಕ್ಯಾಲ್ಸಿಯಂ ಟಾನಿಕ್, ಬಿ ಕಾಂಪ್ಲೆಕ್ಸ್, ಮೊಸರನ್ನ, ವಿನೆಗರ್, ಜಂತುಹುಳದ ಔಷಧಿ ಯಾವಾಗ ಹಾಕಿದ್ದು, ಹೇನಿಗೆ ಏನು ಹೊಡೆದ್ರಿ, ಎಲ್ಲಾ ಬರೀರಿ. ಜಗಳ ಆಗೋದು ಬಹುಪಾಲು ನಾವು ಔಷಧಿ ಅಂತ ಲೆಕ್ಕಕ್ಕೇ ತಗೊಳ್ದೇ ಇರೋ ಇಂಥ ವಸ್ತುಗಳ ಜೊತೆಗೇ. ಬ್ರ್ಯಾಂಡ್ ಹೆಸರಲ್ಲ, ಲೇಬಲ್ಲಲ್ಲಿ ಸಣ್ಣ ಅಕ್ಷರದಲ್ಲಿ ಇರತ್ತಲ್ಲ ಒಳಗಿನ ಮೂಲ ಔಷಧಿ, ಅದರ ಹೆಸರು ಬರೀರಿ. ಉಬ್ಬಸದ ಕೋಳಿಗೆ ಅಂತ ಮಾರೋ ಕೆಲವು ಪುಡಿಗಳಲ್ಲಿ ಡಾಕ್ಸಿಸೈಕ್ಲಿನ್, ಟೈಲೋಸಿನ್ ಎರಡೂ ಮೊದಲೇ ಬೆರೆಸಿರ್ತಾರೆ, ಅದರ ಮೇಲೆ ನೀವು ಮತ್ತೆ ಡಾಕ್ಸಿ ಕ್ಯಾಪ್ಸೂಲ್ ಬಿಚ್ಚಿ ಹಾಕಿದ್ರೆ ಅದೇ ಔಷಧಿ ಡಬಲ್ ಆಯ್ತು. ಲೇಬಲ್ಲೇ ಇಲ್ಲದ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಡೋ ಬಿಳಿ ಪುಡೀನ ನಾನಂತೂ ಮುಟ್ಟಲ್ಲ, ನೀವೂ ತರ್ಬೇಡಿ.

ಹೆಜ್ಜೆ 4: ಯಾವುದು ಯಾವುದರ ಜೊತೆ ಆಗಲ್ಲ. ಜನ ಎಡವೋದೆಲ್ಲಾ ಇಲ್ಲೇ, ನಿಧಾನವಾಗಿ ಓದಿ.

ಮೊದಲು ಪ್ರಾಣ ತೆಗೆಯೋ ಜೋಡಿ. ಉಸಿರಾಟದ ತೊಂದರೆಗೆ ಟಿಯಾಮುಲಿನ್ ಅಂತ ಒಂದು ಔಷಧಿ ಕೊಡ್ತಾರೆ, ಒಳ್ಳೇ ಔಷಧೀನೇ. ಆದ್ರೆ ಅಂಗಡಿ ಫೀಡಲ್ಲಿ, ಅದರಲ್ಲೂ ಪಿಳ್ಳೆಗಳ ಫೀಡು, ಬ್ರಾಯ್ಲರ್ ಫೀಡಲ್ಲಿ, ರಕ್ತಭೇದಿ ಬರದಿರ್ಲಿ ಅಂತ ಸ್ಯಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಸೇರಿಸಿರೋದು ಮಾಮೂಲು. ಟಿಯಾಮುಲಿನ್ ಹೊಟ್ಟೆಗೆ ಹೋದಾಗ ಲಿವರ್ರು ಈ ಫೀಡಿನ ಔಷಧೀನ ಕರಗಿಸಿ ಹೊರಗೆ ಹಾಕೋಕಾಗಲ್ಲ, ಅದು ಮೈಯಲ್ಲೇ ಸೇರ್ತಾ ಹೋಗಿ ಸ್ನಾಯು ಹಾಳಾಗತ್ತೆ, ಕಾಲು ಬಿದ್ದೋಗತ್ತೆ, ಕೋಳಿ ಸಾಯತ್ತೆ. ಕಾಲು ಎಳೀತಿರೋದು ನೋಡಿ ಮನೆಯವರು ಕೊಕ್ಕರೆ ರೋಗ (ರಾಣಿಖೇತ್) ಬಂತು ಅಂದ್ಕೊಳ್ತಾರೆ. ಟಿಯಾಮುಲಿನ್ ಕೊಡೋದಕ್ಕೆ ಏಳು ದಿನ ಮುಂಚೆಯಿಂದ, ಮುಗಿದ ಮೇಲೆ ಏಳು ದಿನದವರೆಗೆ ಆ ಫೀಡ್ ಬಾಯಿಗೆ ಹೋಗ್ಬಾರದು. ಉಬ್ಬಸದ ಕೋಳೀನ ಏಳು ದಿನ ಕಾಯಿಸೋಕೆ ಆಗಲ್ಲ ಅಲ್ವಾ, ಅದಕ್ಕೇ ಡಾಕ್ಟರಿಗೆ ಫೀಡ್ ಚೀಲದ ಫೋಟೋ ತೋರಿಸಿ, ಅವರು ಬೇರೆ ಔಷಧಿ ಬರೀತಾರೆ. ಚೀಲದ ಮೇಲೆ ಏನೂ ಬರೆದಿಲ್ಲ ಅಂದ್ರೆ ಇದೆ ಅಂತಲೇ ತಿಳ್ಕೊಳ್ಳಿ.

ಇನ್ನೊಂದು ಜೋಡಿ ಸಾಯಿಸಲ್ಲ, ಆದ್ರೆ ಔಷಧಿ ದುಡ್ಡು ಪೂರ್ತಿ ನೀರಿಗೆ. ರಕ್ತಭೇದಿಗೆ ಆಂಪ್ರೋಲಿಯಂ ಕೊಡ್ತೀರ. ಅದು ನೋಡೋಕೆ ವಿಟಮಿನ್ ಬಿ1 ಥರಾನೇ ಇರತ್ತೆ, ಕರುಳಲ್ಲಿರೋ ಆ ರೋಗಾಣು ಬಿ1 ಅಂತ ಇದನ್ನ ಎಳ್ಕೊಂಡು ನಿಜವಾದ ಬಿ1 ಸಿಗದೆ ಸೊರಗತ್ತೆ. ಈಗ ನೀವು ಪಾಪ ನಿತ್ರಾಣ ಆಗಿದೆ ಅಂತ ಅದೇ ಬಟ್ಟಲಿಗೆ ಬಿ ಕಾಂಪ್ಲೆಕ್ಸ್ ಸುರಿದ್ರೆ ಏನಾಯ್ತು? ರೋಗಾಣುಗೇ ಊಟ ಹಾಕಿದ ಹಾಗಾಯ್ತು. ಬಿ ಕಾಂಪ್ಲೆಕ್ಸ್ ಬೇಕೇ ಬೇಕು, ಆದ್ರೆ ಆಂಪ್ರೋಲಿಯಂ ಕೋರ್ಸ್ ಮುಗಿದ ಮೇಲೆ. ಲೇಬಲ್ಲಲ್ಲಿ ಥಯಾಮಿನ್ ಅಂತ ಇದ್ರೆ ಅದೇ ಬಿ1. ಎ, ಡಿ3, ಇ, ಬಿ12 ಇಷ್ಟೇ ಇರೋ ಟಾನಿಕ್ ಆದ್ರೆ ಪರವಾಗಿಲ್ಲ, ಬಿ12 ಬೇರೆ ಬಿ1 ಬೇರೆ. ವಿಟಮಿನ್ ಎ, ಕೆ ಎರಡೂ ರಕ್ತಭೇದೀಲಿ ಉಪಯೋಗಕ್ಕೇ ಬರತ್ತೆ.

ಡಾಕ್ಸಿಸೈಕ್ಲಿನ್, ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಈ ಮೂರು ಆಂಟಿಬಯಾಟಿಕ್‌ಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಜಿಂಕ್ ಆಗ್ಬರಲ್ಲ. ಹೊಟ್ಟೇಲಿ ಒಂದಕ್ಕೊಂದು ಅಂಟ್ಕೊಂಡು ಔಷಧಿ ರಕ್ತಕ್ಕೆ ಇಳಿಯೋದೇ ಕಮ್ಮಿ ಆಗತ್ತೆ, ಎಲ್ಲಕ್ಕಿಂತ ಹೆಚ್ಚು ಆಕ್ಸಿಟೆಟ್ರಾಸೈಕ್ಲಿನ್‌ಗೆ. ಬೆಂಗಳೂರಲ್ಲಿ ಇದು ಸಣ್ಣ ವಿಷಯ ಅಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋ ಬೋರ್‌ವೆಲ್ ನೀರಲ್ಲೇ ಅರ್ಧ ಬೆಂಗಳೂರು ಔಷಧಿ ಕಲಸ್ತಾ ಇರೋದು. ಔಷಧಿ ನೀರಿಗೆ ಮಾತ್ರ ಆರ್‌ಓ ನೀರೋ ಕಾವೇರಿ ನೀರೋ ತಗೊಳ್ಳಿ, ದಿನಕ್ಕೆ ಒಂದು ಲೀಟರ್ ತಾನೇ ಬೇಕಾಗೋದು. ಕಪ್ಪೆಚಿಪ್ಪಿನ ಪುಡಿ, ಕ್ಯಾಲ್ಸಿಯಂ ಸಿರಪ್, ಮೊಸರು ಅಷ್ಟು ದಿನ ನಿಲ್ಲಿಸಿ. ಮೊಟ್ಟೆ ಕೋಳಿ ಫೀಡಲ್ಲೇ ನೂರಕ್ಕೆ ಮೂರೂವರೆ ನಾಲ್ಕು ಪಾಲು ಕ್ಯಾಲ್ಸಿಯಂ ಇರತ್ತೆ, ಹಾಗಾಗಿ ಬೆಳಿಗ್ಗೆ ಫೀಡ್ ಹಾಕೋ ಮುಂಚೆ ಖಾಲಿ ಹೊಟ್ಟೇಲಿ ಔಷಧಿ ಕೊಡೋದೇ ಸರಿ. ಒಳ್ಳೇ ಬ್ಯಾಕ್ಟೀರಿಯಾ ಪುಡಿ ಅಂತ ಪ್ರೋಬಯಾಟಿಕ್ ಹಾಕೋರು ಆಂಟಿಬಯಾಟಿಕ್ ಮುಗಿದ ಮೇಲೆ ಹಾಕಿ, ಜೊತೆಗೆ ಹಾಕಿದ್ರೆ ಅದನ್ನೂ ಕೊಂದು ಹಾಕತ್ತೆ.

ಎರಡು ಆಂಟಿಬಯಾಟಿಕ್ ಸೇರಿಸಿದ್ರೆ ಡಬಲ್ ಪವರ್ ಅನ್ನೋದು ಇನ್ನೊಂದು ನಂಬಿಕೆ. ಅಮಾಕ್ಸಿಸಿಲಿನ್ ಜಾತಿಯವು ರೋಗಾಣು ಬೆಳೀತಿರೋವಾಗ ಅದರ ಗೋಡೆ ಒಡೆದು ಸಾಯಿಸತ್ತೆ, ಟೆಟ್ರಾಸೈಕ್ಲಿನ್ ಜಾತಿಯವು (ಡಾಕ್ಸಿ, ಆಕ್ಸಿಟೆಟ್ರಾಸೈಕ್ಲಿನ್) ಬೆಳೆಯೋದನ್ನೇ ನಿಲ್ಲಿಸತ್ತೆ. ಬೆಳವಣಿಗೇನೇ ನಿಂತ ಮೇಲೆ ಮೊದಲನೇದಕ್ಕೆ ಕೆಲಸವೇ ಇಲ್ಲ. ಹಾಗಂತ ಎಲ್ಲಾ ಜೋಡೀನೂ ಕೆಟ್ಟದ್ದಲ್ಲ, ಸಲ್ಫಾ ಜಾತಿಯ ಔಷಧಿ ಜೊತೆ ಟ್ರೈಮೆಥೊಪ್ರಿಮ್ ಸೇರಿದ್ರೆ ಒಂದಕ್ಕೊಂದು ಬಲ. ಆದ್ರೆ ಆ ಸಲ್ಫಾ ಇರೋ ನೀರಿಗೆ ಆಪಲ್ ಸೈಡರ್ ವಿನೆಗರ್ ಹಾಕ್ಬೇಡಿ, ಹುಳಿ ನೀರಲ್ಲಿ ಸಲ್ಫಾ ಸರಿಯಾಗಿ ಕರಗದೆ ತಳ ಸೇರತ್ತೆ, ಕೊನೇಲಿ ಕುಡಿದ ಕೋಳಿಗೆ ಜಾಸ್ತಿ ಹೋಗತ್ತೆ. ಸಲ್ಫಾ ಜಾಸ್ತಿ ಆದ್ರೆ ಮೂತ್ರಪಿಂಡಕ್ಕೆ ಹೊಡೆತ, ಒಳಗೊಳಗೇ ರಕ್ತ ಸೋರತ್ತೆ. ಎನ್ರೋಫ್ಲಾಕ್ಸಾಸಿನ್ ದ್ರಾವಣ ಕ್ಷಾರ, ಅದನ್ನೂ ವಿನೆಗರ್ ಜೊತೆ ಸೇರಿಸ್ಬೇಡಿ. ನನ್ನ ಕೇಳಿದ್ರೆ ಕಾಯಿಲೆ ಕೋಳಿ ಹತ್ರ ವಿನೆಗರ್ ಬಾಟ್ಲೀನೇ ತರ್ಬೇಡಿ. ಹುಳಿ ನೀರನ್ನ ತಗಡಿನ ಬಕೆಟಲ್ಲಿ ಇಟ್ರೆ ಬಕೆಟಿನ ಜಿಂಕ್ ಬೇರೆ ಬಿಟ್ಕೊಳ್ಳತ್ತೆ.

ನೋವಿನ ಮಾತ್ರೆ. ಮೆಲಾಕ್ಸಿಕ್ಯಾಮ್ ಡಾಕ್ಟರ್ ಬರೆದ್ರೆ ಕೊಡಿ, ಆದ್ರೆ ನೀರು ಕುಡೀದೆ ಒಣಗಿರೋ ಕೋಳಿಗೆ ಮೊದಲು ಓಆರ್‌ಎಸ್ ಕುಡಿಸಿ ಆಮೇಲೆ. ಡೆಕ್ಸಾಮೆಥಸೋನ್ ಥರ ಸ್ಟೆರಾಯ್ಡ್ ಇಂಜೆಕ್ಷನ್ ಆಗಿದ್ರೆ ಅದರ ಜೊತೆ ಬೇಡವೇ ಬೇಡ, ಹೊಟ್ಟೆ ಹುಣ್ಣಾಗತ್ತೆ. ಮನೆ ಡ್ರಾಯರಲ್ಲಿ ಬಿದ್ದಿರೋ ಡೈಕ್ಲೋಫೆನಾಕ್ ಚೂರು ಮಾಡಿ ಹಾಕೋರನ್ನ ನೋಡಿದ್ರೆ ತಲೆ ಚಚ್ಕೋಬೇಕು ಅನ್ಸತ್ತೆ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್‌ನಿಂದ ಅದರ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತಿದ್ದಕ್ಕೇ 2006ರಲ್ಲಿ ದೇಶದಲ್ಲಿ ಪಶುಗಳಿಗೆ ಅದನ್ನ ನಿಷೇಧ ಮಾಡಿದ್ದು. ನಮ್ಮ ಪಕ್ಕದ ರಾಮನಗರದಲ್ಲಿ ರಾಮದೇವರ ಬೆಟ್ಟನ ರಣಹದ್ದು ಧಾಮ ಮಾಡಿಕೊಂಡು ಉಳಿದಿರೋ ಕೆಲವನ್ನ ಕಾಯ್ತಾ ಇದ್ದೀವಿ, ಇಲ್ಲಿ ಹಿತ್ತಲ ಕೋಳಿಗೆ ಅದೇ ಮಾತ್ರೆ.

ಜಂತುಹುಳದ ಔಷಧಿ, ಹೇನಿನ ಔಷಧಿ ಒಂದೇ ದಿನ ಬೇಡ. ಲೆವಮಿಸೋಲ್ ಕುಡಿಸಿದ ಹೊತ್ತಲ್ಲೇ ಗೂಡಿಗೆ ಮೆಲಾಥಿಯಾನ್ ಥರದ್ದು ಹೊಡೆದ್ರೆ ಎರಡೂ ನರದ ಮೇಲೇ ಕೆಲಸ ಮಾಡೋದು, ಜೊಲ್ಲು ಸುರಿಸ್ಕೊಂಡು ನಡುಗತ್ತೆ. ಪುಕ್ಕ ಉದುರಿ ಹೊಸದು ಬರ್ತಿರೋವಾಗ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಕೊಟ್ರೆ ಹೊಸ ಪುಕ್ಕ ಸೊಟ್ಟ ಬರತ್ತೆ, ಕಾಯಿರಿ.

ಕೊಕ್ಕರೆ ರೋಗದ ಲಸಿಕೆ ಕಾಯಿಲೆ ಕೋಳಿಗೆ ಹಾಕೋದಲ್ಲ, ಆರೋಗ್ಯವಾಗಿರೋದಕ್ಕೆ. ನೀರಲ್ಲಿ ಕೊಡೋ ಲಸಿಕೆ ಜೀವಂತ ವೈರಸ್ಸು, ಕ್ಲೋರಿನ್ ಇರೋ ನಲ್ಲಿ ನೀರಿಗೆ ಹಾಕಿದ್ರೆ ಅದೇ ಸತ್ತೋಗತ್ತೆ. ಅದಕ್ಕೇ ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಮೊದಲೇ ಕದಡೋದು. ಡಾಕ್ಸಿಗೆ ಹಾಲು ಶತ್ರು, ಲಸಿಕೆಗೆ ಹಾಲು ಮಿತ್ರ, ಇದನ್ನ ಅದಲು ಬದಲು ಮಾಡಿದೋರೂ ಇದಾರೆ.

ಹೆಜ್ಜೆ 5: ಪರ್ಸೆಂಟನ್ನ ಮಿಲಿಗ್ರಾಂ ಮಾಡಿ. ಬಾಟ್ಲಿ ಮೇಲೆ 10 ಪರ್ಸೆಂಟ್ ಅಂದ್ರೆ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. ಕೇಜಿಗೆ 10 ಮಿಲಿಗ್ರಾಂ ಎನ್ರೋಫ್ಲಾಕ್ಸಾಸಿನ್ ಅಂತ ಡಾಕ್ಟರ್ ಬರೆದ್ರು, ಕೋಳಿ 1.6 ಕೇಜಿ, ಬೇಕಾಗಿರೋದು 16 ಮಿಲಿಗ್ರಾಂ, ಅಂದ್ರೆ 0.16 ಎಂಎಲ್. ಎರಡೂ ಕಡೆ ಹತ್ತು ಅಂತ ಕಂಡು ಒಂದು ಎಂಎಲ್ ಕುಡಿಸಿಬಿಟ್ರೆ ಆರು ಪಟ್ಟು ಹೋಯ್ತು. ಅಳೆಯೋಕೆ ಸೂಜಿ ತೆಗೆದ ಒಂದು ಎಂಎಲ್ ಸಿರಿಂಜ್ ತಗೊಳ್ಳಿ, ಇನ್ಸುಲಿನ್ ಸಿರಿಂಜ್ ಬೇಡ. ನಮ್ಮಲ್ಲಿ ಸಿಗೋ ಕೆಂಪು ಮುಚ್ಚಳದ 40 ಯೂನಿಟ್ ಇನ್ಸುಲಿನ್ ಸಿರಿಂಜಲ್ಲಿ 16ನೇ ಗೆರೆವರೆಗೆ ಎಳೆದ್ರೆ ಅದು 0.16 ಅಲ್ಲ, 0.4 ಎಂಎಲ್.

ಪುಡಿ ಆದ್ರೂ ಅದೇ ಲೆಕ್ಕ. ಆಂಪ್ರೋಲಿಯಂ 20 ಪರ್ಸೆಂಟ್ ಅಂದ್ರೆ ಗ್ರಾಂಗೆ 200 ಮಿಲಿಗ್ರಾಂ. ರೋಗ ಜೋರಿರೋವಾಗ ಲೀಟರಿಗೆ 240 ಮಿಲಿಗ್ರಾಂ ಅನ್ನೋದು ರೂಢಿ, ಅಂದ್ರೆ 1.2 ಗ್ರಾಂ ಪುಡಿ, ಮೂರರಿಂದ ಐದು ದಿನ. ಆಮೇಲೆ ಲೀಟರಿಗೆ 0.3 ಗ್ರಾಂ, ಒಂದೆರಡು ವಾರ. ಚಮಚದ ತುದಿ, ಚಿಟಿಕೆ ಇವೆಲ್ಲಾ ಅಳತೆ ಅಲ್ಲ, ಚಿನ್ನ ತೂಗೋ ಥರದ ಸಣ್ಣ ಪಾಕೆಟ್ ತಕ್ಕಡಿ ಆನ್‌ಲೈನಲ್ಲಿ ಸಿಗತ್ತೆ ತಗೊಂಡ್ಬಿಡಿ.

ಹೆಜ್ಜೆ 6: ಕುಡಿಸೋದು. ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರ್ ಹತ್ರ ಕುಡಿಯತ್ತೆ, ಏಪ್ರಿಲ್ ಬಿಸಿಲಲ್ಲಿ ಅದರ ಎರಡರಷ್ಟು, ಕಾಯಿಲೆ ಬಿದ್ರೆ ಅರ್ಧವೂ ಇಲ್ಲ. ಹಾಗಾಗಿ ನೀರಲ್ಲಿ ಹಾಕಿದ ಔಷಧಿ ಬೇಸಿಗೇಲಿ ಜಾಸ್ತಿ ಹೋಗತ್ತೆ, ಮಂಕಾದ ಕೋಳಿಗೆ ಹೋಗೋದೇ ಇಲ್ಲ. ತೂಕಡಿಸ್ತಿರೋದಕ್ಕೆ ಕೊಕ್ಕಿಂದಲೇ ಕೊಡಿ. ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ, ಅದು ನುಂಗಿದ್ದು ನೋಡಿ ಮುಂದಿನ ಹನಿ, ಯಾಕಂದ್ರೆ ಉಸಿರಾಡೋ ತೂತು ನಾಲಿಗೆ ಬುಡದಲ್ಲೇ ಇರತ್ತೆ, ಜೋರಾಗಿ ಒತ್ತಿದ್ರೆ ಔಷಧಿ ಶ್ವಾಸಕೋಶಕ್ಕೇ. ಎರಡು ಔಷಧಿ ಇದ್ರೆ ಎರಡು ಸಿರಿಂಜು, ಒಂದರಲ್ಲೇ ಬೆರೆಸ್ಬೇಡಿ. ನೀರಲ್ಲಿ ಕಲಸಿದ್ದು ದಿನಾ ಚೆಲ್ಲಿ ಹೊಸದು ಮಾಡಿ, ನೆರಳಲ್ಲಿಡಿ.

ಹೆಜ್ಜೆ 7: ಮೊಟ್ಟೆ. ಔಷಧಿ ಲೇಬಲ್ಲಲ್ಲಿ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ಬಾರದು ಅಂತ ಇರತ್ತೆ, ಎರಡು ಔಷಧಿ ಆದ್ರೆ ಜಾಸ್ತಿ ದಿನ ಯಾವುದಕ್ಕಿದೆಯೋ ಅದನ್ನ ಹಿಡೀರಿ. ಬೇಯಿಸಿದ್ರೆ ಹೋಗತ್ತೆ ಅನ್ನೋದನ್ನ ನಂಬ್ಬೇಡಿ, ಪಕ್ಕದ್ಮನೆಗೂ ಕೊಡ್ಬೇಡಿ. ಕೊಲಿಸ್ಟಿನ್ ಇರೋ ಹಳೇ ಪ್ಯಾಕೆಟ್ ಯಾರಾದ್ರೂ ಕೊಟ್ರೆ ವಾಪಸ್ ಕೊಡಿ, ನಾವು ತಿನ್ನೋ ಪ್ರಾಣಿಗಳಿಗೆ ಅದು 2019ರಿಂದಲೇ ನಿಷೇಧ. ಮನುಷ್ಯರಿಗೆ ಬೇರೇನೂ ನಾಟದೇ ಹೋದಾಗ ಡಾಕ್ಟರುಗಳು ಕೊನೇಲಿ ತೆಗೆಯೋ ಔಷಧಿ ಅದು.

ಎರಡು ಮೂರು ದಿನದಲ್ಲಿ ಏನೂ ಬದಲಾವಣೆ ಇಲ್ಲ ಅಂದ್ರೆ ಮೂರನೇ ಔಷಧಿ ಹುಡುಕ್ಬೇಡಿ, ಬರೆದಿಟ್ಟ ಪಟ್ಟಿ ತಗೊಂಡು ಪಶು ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಹೆಬ್ಬಾಳದಲ್ಲಿ ವೆಟರ್ನರಿ ಕಾಲೇಜಿದೆ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೇನೂ ಅಲ್ಲೇ ಇದೆ. ಒಂದು ಕೋಳಿ ಸತ್ತಿದ್ರೆ ಕವರಲ್ಲಿ ಸುತ್ತಿ ಐಸ್ ಜೊತೆ ಅವತ್ತೇ ತಗೊಂಡು ಹೋಗಿ, ಫ್ರೀಜರಲ್ಲಿ ಮಾತ್ರ ಇಡ್ಬೇಡಿ, ಗಟ್ಟಿಯಾಗಿ ಕರಗಿದ ಮೇಲೆ ಪೋಸ್ಟ್ ಮಾರ್ಟಂನಲ್ಲಿ ಸರಿಯಾಗಿ ಗೊತ್ತಾಗಲ್ಲ. ಒಂದೇ ಸಲ ಸುಮಾರು ಕೋಳಿ ಸತ್ತಿದ್ರೆ ಯಾವುದನ್ನೂ ಮುಟ್ಬೇಡಿ, ಎಲ್ಲಿಗೂ ಸಾಗಿಸ್ಬೇಡಿ, ಹಕ್ಕಿ ಜ್ವರ ಇರಬಹುದು, ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ ಅವರನ್ನೇ ಬರೋಕೆ ಹೇಳಿ.